ಬೋರ್ಡು ಬದಲಾದರೂ ಓಟ ನಿಲ್ಲದು

ಹೊಸ ಋತು ಶುರುವಾಗುವ ಮುನ್ನ ಮೋಟಾರು ರೇಸಿನ ಲೋಕದಲ್ಲಿ ಎರಡು ಪಟ್ಟಿಗಳು ಹೊರಬೀಳುತ್ತವೆ. ಯಾವ ತಂಡಗಳು ಓಡುತ್ತವೆ ಎಂಬುದು ಒಂದು. ಯಾವ ಊರಿನಲ್ಲಿ, ಯಾವ ದಿನ ಓಟ ಎಂಬುದು ಇನ್ನೊಂದು. ಪೆಟ್ರೋಲಿನ ಹಂಗಿಲ್ಲದ ವಿದ್ಯುತ್ ಕಾರುಗಳ ‘ಫಾರ್ಮುಲಾ ಇ’ ಪಂದ್ಯಾವಳಿಯಲ್ಲಂತೂ ಈ ಪಟ್ಟಿಗಳು ಬಲು ಬೇಗ ಹಳತಾಗುತ್ತವೆ.

2022–23ರ ಋತುವನ್ನೇ ನೋಡಿ. 2021 ಮತ್ತು 2022ರಲ್ಲಿ ಸತತವಾಗಿ ಚಾಂಪಿಯನ್ ಆದ ಮರ್ಸಿಡಿಸ್, ಗೆದ್ದ ಮೇಲೆಯೇ ವಿದಾಯ ಹೇಳಿತು. ಅದರ ತಂಡವನ್ನು ಮೆಕ್ಲಾರೆನ್ ಕೊಂಡಿತು. ವೆಂಚುರಿ ತಂಡ ಮಸೆರಾಟಿ ಎಂಬ ಹೆಸರು ಹೊತ್ತಿತು. ಔಡಿ, ಬಿಎಂಡಬ್ಲ್ಯು 2021ರಲ್ಲೇ ಜಾಗ ಖಾಲಿ ಮಾಡಿದ್ದವು. ವೇಳಾಪಟ್ಟಿಯಿಂದ ನ್ಯೂಯಾರ್ಕ್, ಸೋಲ್ ನಗರಗಳು ಹೋಗಿ ಹೈದರಾಬಾದ್, ಕೇಪ್‌ಟೌನ್, ಸಾವೊ ಪಾಲೊ, ಪೋರ್ಟ್‌ಲ್ಯಾಂಡ್ ಬಂದವು.

ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರವರಿ 11ರಂದು ಓಟ ನಡೆಯಿತು. ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. ಮರುವರ್ಷ ಫೆಬ್ರವರಿ 10ಕ್ಕೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ತೆಲಂಗಾಣದಲ್ಲಿ ಸರ್ಕಾರ ಬದಲಾಯಿತು. ಹಿಂದಿನ ಒಪ್ಪಂದದಂತೆ ನಡೆಯಲು ಹೊಸ ಸರ್ಕಾರ ಮುಂದಾಗಲಿಲ್ಲವೆಂದು ಸಂಘಟಕರು ಜನವರಿಯಲ್ಲಿ ಓಟವನ್ನು ರದ್ದು ಮಾಡಿದರು. ಊರಿನ ರಸ್ತೆಯನ್ನೇ ಕಣ ಮಾಡಿಕೊಳ್ಳುವ ಓಟಕ್ಕೆ ಈ ತೊಡಕು ತಪ್ಪಿದ್ದಲ್ಲ. ಡಾಂಬರು ಹಾಕಬೇಕು, ತಡೆಗೋಡೆ ನಿಲ್ಲಿಸಬೇಕು, ಬಸ್ಸು ಆಟೋಗಳನ್ನು ಬೇರೆ ದಾರಿಯಲ್ಲಿ ಬಿಡಬೇಕು. ಕಾರು ತಂಡದ್ದು, ರಸ್ತೆ ಸರ್ಕಾರದ್ದು!

ಆ ವರ್ಷ ಬಂದ ಉಳಿದವರ ಗತಿ ಏನಾಯಿತು? ಕೇಪ್‌ಟೌನಿನ ಓಟ 2024ರ ಪಟ್ಟಿಯಲ್ಲೇ ಇರಲಿಲ್ಲ. ಮೆಕ್ಲಾರೆನ್ 2025ರಲ್ಲಿ ಹೊರಟಿತು; ಈ ಸಲ ತಂಡವನ್ನು ಕೊಳ್ಳುವವರು ಸಿಗಲಿಲ್ಲ. 2025ರ ಡಿಸೆಂಬರಿನಲ್ಲಿ ಶುರುವಾದ ಋತುವಿಗೆ ಮಸೆರಾಟಿಯ ಜಾಗಕ್ಕೆ ಸಿಟ್ರೊಯೆನ್ ಬಂತು. 2014ರಲ್ಲಿ ಬೀಜಿಂಗ್‌ನಲ್ಲಿ ನಡೆದ ಮೊಟ್ಟಮೊದಲ ಓಟದಿಂದಲೂ ಕಣದಲ್ಲಿರುವ ನಮ್ಮ ಮಹೀಂದ್ರದಂಥ ತಂಡಗಳು ವಿರಳ.

ಹಾಗಾದರೆ ಉಳಿದದ್ದೇನು? ಕಲಿತ ವಿದ್ಯೆ. ಮೊದಲ ನಾಲ್ಕು ಋತುಗಳಲ್ಲಿ ಬ್ಯಾಟರಿ ಓಟದ ಕೊನೆಯವರೆಗೆ ಸಾಲುತ್ತಿರಲಿಲ್ಲ. ಚಾಲಕರು ನಡುವೆ ಇಳಿದು ಇನ್ನೊಂದು ಕಾರು ಹತ್ತುತ್ತಿದ್ದರು. 2018ರ ಡಿಸೆಂಬರಿನಲ್ಲಿ ಕಣಕ್ಕಿಳಿದ ಹೊಸ ಕಾರು ಒಂದೇ ಬ್ಯಾಟರಿಯಲ್ಲಿ ಓಟ ಮುಗಿಸಿತು. 2023ರಲ್ಲಿ ಬಂದ ಕಾರಿನಲ್ಲಿ ಓಟಕ್ಕೆ ಬಳಸುವ ಶಕ್ತಿಯ ಶೇಕಡ 40ಕ್ಕೂ ಹೆಚ್ಚು ಪಾಲು ವೇಗ ತಗ್ಗಿಸುವಾಗ ಹುಟ್ಟುತ್ತದೆಂದು ಸಂಘಟಕರ ಲೆಕ್ಕ. ಸೈಕಲ್ಲಿನ ಡೈನಮೋ ನೆನಪಿಸಿಕೊಳ್ಳಿ. ಚಕ್ರವನ್ನು ತಿರುಗಿಸುವ ಮೋಟಾರೇ ಬ್ರೇಕು ಹಾಕಿದಾಗ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ.

ಎಂಜಿನಿಯರಿಂಗ್ ಸೇರಹೊರಟ ಮಕ್ಕಳಿಗೆ ಮನೆಯಲ್ಲಿ ಎದುರಾಗುವ ಪ್ರಶ್ನೆ, ‘ಮುಂದೆ ಯಾವ ಕಂಪನಿ?’ ಎಂಬುದು. ಮರ್ಸಿಡಿಸ್ ಎಂದರೆ ಯಾವ ತಂದೆತಾಯಿಗೆ ಹೆಮ್ಮೆಯಾಗದು? ಆದರೆ ಗೆದ್ದ ಕಂಪನಿಯೂ ಬಾಗಿಲು ಹಾಕಿಕೊಂಡು ಹೋಗುವುದುಂಟು. ಕೆಲಸ ಹೋದಾಗಿನ ಸಂಕಟ ಸಣ್ಣದೇನಲ್ಲ. ಆದರೂ ಮೋಟಾರು, ಬ್ಯಾಟರಿ, ಅವನ್ನು ಹತೋಟಿಯಲ್ಲಿಡುವ ಗಣಿತ ಬಲ್ಲವರು ಇನ್ನೊಂದು ಬಾಗಿಲು ತಟ್ಟುವಾಗ ಬರಿಗೈಯಲ್ಲಿ ನಿಂತಿರುವುದಿಲ್ಲ. ‘ಯಾವ ಕಂಪನಿ?’ ಎನ್ನುವ ಮೊದಲು ‘ಯಾವ ಕೆಲಸ ಕಲಿಯುತ್ತೀಯಪ್ಪಾ?’ ಎಂದು ಕೇಳಿದರೆ ಮಕ್ಕಳಿಗೂ ಯೋಚಿಸಲು ದಾರಿಯಾದೀತು.