ನಿಂತು ದುಡಿಯುವವರ ಕಾಲು

ತ್ಯಾಗರಾಯನಗರದ ರಂಗನಾಥನ್ ಬೀದಿಯ ಹಬ್ಬದ ಜನಸಂದಣಿಯನ್ನು ಕಂಡು ಬೆರಗಾಗುವವರು ಬಹಳ. ಆ ಸಂದಣಿಗೆ ಬಟ್ಟೆ ಬಿಡಿಸಿ ತೋರಿಸುವ ನೌಕರನ, ಹೋಟೆಲಿನಲ್ಲಿ ಕಾಫಿ ತಂದಿಡುವ ಮಾಣಿಯ ಕಾಲುಗಳನ್ನು ನೋಡುವವರು ವಿರಳ. ವರ್ಷಗಟ್ಟಲೆ ನಿಂತು ದುಡಿದ ಕಾಲುಗಳಲ್ಲಿ ನೀಲಿ ನರಗಳು ಉಬ್ಬಿ ಸುರುಳಿಗಟ್ಟುವುದುಂಟು. ಇದು ದುಡಿಮೆಗೆ ಸಹಜವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕಾಲಿನ ರಕ್ತವು ಹೃದಯಕ್ಕೆ ಮರಳಬೇಕಾದರೆ ಮೀನಖಂಡದ ಸ್ನಾಯುಗಳು ಅದನ್ನು ಮೇಲಕ್ಕೆ ಒತ್ತಬೇಕು. ಕದಲದೆ ನಿಂತರೂ, ಕದಲದೆ ಕುಳಿತರೂ ಈ ಕಾರ್ಯ ಕುಂದುತ್ತದೆ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ರಕ್ಷಣಾಗೃಹಗಳಲ್ಲಿ ರಾತ್ರಿಯಿಡೀ ಕುರ್ಚಿಯಲ್ಲೇ ಕುಳಿತಿದ್ದ ಕೆಲವರು ಹೀಗೆ ಮೃತರಾದುದನ್ನು ವೈದ್ಯ ಕೀತ್ ಸಿಂಪ್ಸನ್ ಗುರುತಿಸಿದರು. ಆದುದರಿಂದ ಮೇಜಿನ ಮುಂದೆ ದಿನಗಳೆಯುವ ಗುಮಾಸ್ತರೂ, ರಾತ್ರಿಯ ಬಸ್ಸಿನಲ್ಲಿ ಕುಳಿತೇ ಊರಿಗೆ ಹೋಗುವವರೂ ಎಚ್ಚರದಿಂದಿರಬೇಕು.

ಹೃದಯಾಘಾತ, ಪಾರ್ಶ್ವವಾಯುಗಳನ್ನೂ ಸೇರಿಸಿ ಎಣಿಸಿದರೆ, ಲೋಕದಲ್ಲಿ ನಾಲ್ಕು ಮರಣಗಳಲ್ಲಿ ಸುಮಾರು ಒಂದಕ್ಕೆ ಹೆಪ್ಪುಗಟ್ಟಿದ ರಕ್ತದ ಸಂಬಂಧವುಂಟು. ಶಸ್ತ್ರಚಿಕಿತ್ಸೆ, ಹೆರಿಗೆ, ಕ್ಯಾನ್ಸರ್, ಸ್ಥೂಲಕಾಯ ಮೊದಲಾದವೂ ಕಾರಣಗಳೇ. ಆದರೆ ಉದ್ಯೋಗದಿಂದ ಬರುವ ಅಪಾಯವನ್ನು ಅಲ್ಪ ವೆಚ್ಚದಲ್ಲಿ ತಗ್ಗಿಸಬಹುದೆಂಬುದನ್ನು ಮರೆಯಲಾಗದು.

ಕೇರಳವು 2018ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನಿತ್ತಿತು. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ವಿಧಾನಸಭೆಯೂ 1947ರ ಅಂಗಡಿ ಕಾಯಿದೆಯನ್ನು ತಿದ್ದಿ, ಅವಕಾಶ ದೊರೆತಾಗ ಕುಳಿತುಕೊಳ್ಳಲು ನೌಕರರೆಲ್ಲರಿಗೂ ಆಸನವಿರಬೇಕೆಂದು ವಿಧಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ಮೂಲೆಯಲ್ಲಿ ಸ್ಟೂಲು ಇಟ್ಟ ಮಾತ್ರಕ್ಕೆ ಕರ್ತವ್ಯ ತೀರದು. ಕುಳಿತವನನ್ನು ಸೋಮಾರಿಯೆನ್ನುವ ಕಣ್ಣು ಬದಲಾಗದಿದ್ದರೆ ಆಸನವಿದ್ದೂ ಇಲ್ಲದಂತೆ. ಕಾಲು ಅಂಗಡಿಯದೋ ಹೋಟೆಲಿನದೋ ಎಂದು ರಕ್ತವು ಭೇದವೆಣಿಸದು. ನಮ್ಮ ಹೋಟೆಲು ಮಾಲಿಕರು ಕಾಯಿದೆಯ ಒತ್ತಾಯಕ್ಕೆ ಕಾಯದೆ, ಜನಸಂದಣಿ ಇಳಿದ ವೇಳೆಯಲ್ಲಿ ಸರದಿಯಂತೆ ವಿರಾಮ ಕೊಡಲೆಂದು ವಿನಂತಿಸುತ್ತೇವೆ.

ನೌಕರ ಬಂಧುಗಳಿಗೂ ಒಂದು ಮಾತು. ಒಂದೇ ಕಾಲು ಬಾತು ನೋಯತೊಡಗಿ ಬಿಸಿಯಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ; ಅಂದೇ ವೈದ್ಯರಿಗೆ ತೋರಿಸಿರಿ. ರಾಯಪೇಟೆಯ ಸರ್ಕಾರಿ ಆಸ್ಪತ್ರೆ ದೂರವಿಲ್ಲ. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೊಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, 108ಕ್ಕೆ ಕರೆಮಾಡಲು ಗಳಿಗೆಯೂ ತಡಮಾಡಲಾಗದು. ಕುಳಿತು ಕೆಲಸಮಾಡುವವರು ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ಅಕ್ಟೋಬರ್ 13ನ್ನು 2014ರಿಂದ ಲೋಕದಾದ್ಯಂತ ರಕ್ತದ ಹೆಪ್ಪಿನ ಬಗೆಗೆ ತಿಳಿವಳಿಕೆ ನೀಡುವ ದಿನವಾಗಿ ಆಚರಿಸುತ್ತಾರೆ. ಅಂದು ನಮ್ಮ ಕನ್ನಡ ಸಂಘಗಳು ವೈದ್ಯರೊಬ್ಬರನ್ನು ಕರೆಸಿ ಕನ್ನಡದಲ್ಲಿಯೇ ಒಂದು ಭಾಷಣ ಏರ್ಪಡಿಸಿದರೆ ಮಹದುಪಕಾರವಾದೀತು. ಇಲ್ಲಿ ಒಬ್ಬನು ಹಾಸಿಗೆ ಹಿಡಿದರೆ ಊರಿನಲ್ಲಿ ಒಂದು ಮನೆಯ ಒಲೆ ತಣ್ಣಗಾಗುತ್ತದೆ. ಒಂದು ಆಸನದ ಬೆಲೆ ಅದಕ್ಕಿಂತ ಹೆಚ್ಚಿನದಲ್ಲ.