ಲೆಸ್ಟ್‌ಗೆ ಹಾಕಿದ ಮೂಗುದಾರ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕೂತಿದ್ದೆ. ಕಂಸದಲ್ಲಿ ಕೊಟ್ಟ ಕ್ರಿಯಾಪದವನ್ನು ಸರಿಯಾದ ರೂಪದಲ್ಲಿ ತುಂಬಿ ಎನ್ನುವ ಒಂದು ಅಂಕದ ಪ್ರಶ್ನೆ. ಬೀಳದಿರಲೆಂದು ಅವನು ಮೆಲ್ಲಗೆ ನಡೆದ ಎಂಬ ಅರ್ಥದ ವಾಕ್ಯ. ‘ಲೆಸ್ಟ್ ಹಿ’ ಆದ ಮೇಲೆ ಖಾಲಿ ಗೆರೆ, ಪಕ್ಕದಲ್ಲಿ ‘ಫಾಲ್’. ನಮ್ಮ ಕೈಗೆ ಕೊಟ್ಟಿದ್ದ ಸ್ಕೀಮಿನ ಪ್ರಕಾರ ಉತ್ತರ ‘ಶುಡ್ ಫಾಲ್’. ಒಂದು ಪತ್ರಿಕೆಯಲ್ಲಿ ಬರೀ ‘ಫಾಲ್’ ಎಂದಿತ್ತು. ನಾನು ಪೆನ್ನು ಎತ್ತಿಕೊಂಡು ಕೂತಿದ್ದು ನೋಡಿ ಪಕ್ಕದ ಮೇಷ್ಟ್ರು ಬಗ್ಗಿದರು. “ಏನ್ ಯೋಚ್ನೆ ಸರ್? ಶುಡ್ ಇಲ್ಲ, ಹೋಗ್ಲಿ ಅಂದ್ರೆ ಎಸ್ಸೂ ಇಲ್ಲ. ಒಂದೇ ಪದದಲ್ಲಿ ಎರಡು ತಪ್ಪು.” ಇಬ್ಬರೂ ನಕ್ಕೆವು. ನಾನು ಸೊನ್ನೆ ಹಾಕಿದೆ.

ಆ ಸೊನ್ನೆ ತಪ್ಪು. ಆ ವಿದ್ಯಾರ್ಥಿ ತಿಳಿದು ಬರೆದದ್ದೋ, ಎಸ್ ಸೇರಿಸಲು ಮರೆತದ್ದೋ, ನನಗೆ ಗೊತ್ತಾಗುವ ದಾರಿಯಿಲ್ಲ. ಆದರೆ ಹಾಳೆಯ ಮೇಲಿದ್ದ ಉತ್ತರ ಸರಿಯಾಗಿತ್ತು. ಸರಿಯಷ್ಟೇ ಅಲ್ಲ, ನಮ್ಮ ಸ್ಕೀಮಿನ ಉತ್ತರಕ್ಕಿಂತ ಹಳೆಯದಾಗಿತ್ತು.

‘ಲೆಸ್ಟ್ ಕಂಡರೆ ಶುಡ್’ ಎಂಬುದು ನಮ್ಮಲ್ಲಿ ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟಿದೆ. ನೋ ಸೂನರ್ ಬಂದಲ್ಲಿ ದ್ಯಾನ್, ಹಾರ್ಡ್ಲಿ ಬಂದಲ್ಲಿ ವೆನ್, ಲೆಸ್ಟ್ ಬಂದಲ್ಲಿ ಶುಡ್. ಬ್ಯಾಂಕ್ ಪರೀಕ್ಷೆ, ಸರ್ಕಾರಿ ನೌಕರಿಯ ಪರೀಕ್ಷೆ, ಕೋಚಿಂಗ್ ಸೆಂಟರಿನ ಗೈಡು, ಯೂಟ್ಯೂಬಿನ ಐದು ನಿಮಿಷದ ಪಾಠ, ಎಲ್ಲ ಕಡೆ ಇದೇ ಜೋಡಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ಪದವನ್ನು ಯಾವ ಕತೆಯಲ್ಲೂ ಕಾದಂಬರಿಯಲ್ಲೂ ಎದುರುಗೊಂಡವರಲ್ಲ. ಖಾಲಿ ಗೆರೆಯ ಪಕ್ಕದಲ್ಲಿ ಮಾತ್ರ ನೋಡಿದವರು. ಅರ್ಥ ಕೇಳಿದರೆ ಕೆಲವರು ‘ಇಲ್ಲದಿದ್ದರೆ’ ಎನ್ನುತ್ತಾರೆ, ಕೆಲವರು ಅನ್‌ಲೆಸ್ ಜೊತೆ ಕಲಸಿಬಿಡುತ್ತಾರೆ. ಶುಡ್ ಮಾತ್ರ ಯಾರೂ ಮರೆಯುವುದಿಲ್ಲ.

ಈ ಪದದ ಹುಟ್ಟು ನೋಡಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು ಒಂದು ಪದವೇ ಅಲ್ಲ, ಮೂರು ಪದ. ನಮ್ಮ ಲಿಪಿಯಲ್ಲಿ ಹೆಚ್ಚುಕಡಿಮೆ ‘ಥೀ ಲ್ಯಾಸ್ ಥೆ’ ಎಂದು ಬರೆಯಬಹುದು. ಮೊದಲನೆಯದು ‘ಅದರಿಂದ’, ಎರಡನೆಯದು ‘ಕಡಿಮೆ’, ಮೂರನೆಯದು ನಮ್ಮ ‘ಎಂದು’, ‘ಹಾಗೆ’ಗಳಂತೆ ಎರಡು ವಾಕ್ಯಗಳನ್ನು ಬೆಸೆಯುವ ಅವ್ಯಯ. ಮೆಲ್ಲಗೆ ನಡೆ, ಅದರಿಂದ ಬೀಳುವುದು ಕಡಿಮೆಯಾಗುವ ಹಾಗೆ. ಕಾಲ ಕಳೆದಂತೆ ಮುಂದಿನ ‘ಥೀ’ ಉದುರಿತು, ‘ಲ್ಯಾಸ್ ಥೆ’ ಅಂಟಿಕೊಂಡು ‘ಲೆಸ್ಟೆ’ ಆಯಿತು, ಕೊನೆಯ ಸ್ವರವೂ ಹೋಗಿ ಲೆಸ್ಟ್ ಉಳಿಯಿತು. ಅಂದರೆ ಅದರ ಹೊಟ್ಟೆಯಲ್ಲಿರುವುದು ‘ಲೆಸ್’. ಅನ್‌ಲೆಸ್ ಒಳಗಿರುವುದೂ ಅದೇ ಲೆಸ್, ಹಾಗಾಗಿ ನಮ್ಮ ಹುಡುಗರು ಇವೆರಡನ್ನು ಕಲಸುವುದರಲ್ಲಿ ಆಶ್ಚರ್ಯವೇನಿಲ್ಲ, ಒಂದೇ ಮನೆಯ ಮಕ್ಕಳು. ನಿಷೇಧ ಪದದ ಒಳಗೇ ಇರುವುದರಿಂದ ಮುಂದೆ ಇನ್ನೊಂದು ‘ನಾಟ್’ ಬೇಡ. ಗೈಡುಗಳು ‘ಲೆಸ್ಟ್ ಜೊತೆ ನಾಟ್ ಬಳಸಬಾರದು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ. ಯಾಕೆ ಬಳಸಬಾರದು ಎಂಬುದಕ್ಕೆ ಒಂದು ಸಾಲು ಖರ್ಚು ಮಾಡುವುದಿಲ್ಲ.

ಆಗ ಶುಡ್ ಎಲ್ಲಿತ್ತು? ಬೇಕಾಗಿರಲಿಲ್ಲ. ಹಳೆಯ ಇಂಗ್ಲಿಷಿನ ಕ್ರಿಯಾಪದಕ್ಕೆ ನಡೆದದ್ದನ್ನು ಹೇಳಲು ಒಂದು ಪ್ರತ್ಯಯ, ನಡೆಯಬಹುದಾದದ್ದನ್ನು, ನಡೆಯಲಿ ಅಥವಾ ನಡೆಯದಿರಲಿ ಎಂಬುದನ್ನು ಹೇಳಲು ಬೇರೆ ಪ್ರತ್ಯಯ ಇತ್ತು. ಲೆಸ್ಟ್ ಆದ ಮೇಲೆ ಬರುತ್ತಿದ್ದದ್ದು ಎರಡನೆಯದು. ನಿಧಾನವಾಗಿ ಇಂಗ್ಲಿಷಿನ ಪ್ರತ್ಯಯಗಳು ಸವೆದು ಹೋದವು. ಐ, ಯೂ, ವಿ, ದೇ ಜೊತೆ ಎರಡು ರೂಪಗಳಿಗೂ ವ್ಯತ್ಯಾಸವೇ ಕಾಣದಾಯಿತು. ಹಿ, ಶಿ, ಇಟ್ ಬಂದಾಗ ಮಾತ್ರ, ಇರಬೇಕಾದ ಎಸ್ ಇಲ್ಲದಿರುವುದರಿಂದ ಗುರುತು ಸಿಗುತ್ತಿತ್ತು. ಗುರುತು ಮಸುಕಾದಾಗ ಮೇ, ಮೈಟ್, ಶುಡ್‌ಗಳು ಊರುಗೋಲಾಗಿ ಬಂದವು. ನಮ್ಮ ಮೇಷ್ಟ್ರು ಎರಡನೆಯ ತಪ್ಪು ಎಂದು ತೋರಿಸಿದ ಆ ಎಸ್ ಇಲ್ಲದ ಜಾಗವೇ ಹಳೆಯ ರೂಪದ ಕೊನೆಯ ಕುರುಹು.

1611ರ ಇಂಗ್ಲಿಷ್ ಬೈಬಲಿನಲ್ಲಿ, ಹಣ್ಣು ತಿಂದ ಆದಾಮ ಇನ್ನು ಜೀವವೃಕ್ಷಕ್ಕೂ ಕೈಚಾಚಿಬಿಟ್ಟಾನು ಎಂದು ದೇವರು ಆತಂಕಪಡುವ ಕಡೆ ಲೆಸ್ಟ್ ಇದೆ, ಶುಡ್ ಇಲ್ಲ. ಶೇಕ್ಸ್‌ಪಿಯರನ ಜೂಲಿಯೆಟ್, ದಿನಕ್ಕೊಂದು ರೂಪ ತಾಳುವ ಚಂದ್ರನ ಮೇಲೆ ಆಣೆ ಇಡಬೇಡ ಎಂದು ರೋಮಿಯೋಗೆ ಹೇಳುವಾಗ ಲೆಸ್ಟ್ ಹಿಂದೆಯೇ ಬರುವ ಕ್ರಿಯಾಪದ ಬರೀ ‘ಪ್ರೂವ್’. ಶುಡ್ಡೂ ಇಲ್ಲ, ಎಸ್ಸೂ ಇಲ್ಲ. ನಮ್ಮ ಸ್ಕೀಮಿನ ಪ್ರಕಾರ ಆಕೆಗೂ ಸೊನ್ನೆ.

ಹಳೆಯ ಸಾಹಿತ್ಯದ ಮಾತು ಬೇಡ ಅನ್ನುವುದಾದರೆ ಯುದ್ಧ ಸ್ಮಾರಕಗಳನ್ನು ನೋಡಿ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಊರೂರಿನ ಕಲ್ಲುಗಳ ಮೇಲೆ ಕೆತ್ತಿರುವ ಮೂರು ಪದ: ಲೆಸ್ಟ್ ವಿ ಫರ್ಗೆಟ್. ಅವು ಬಂದದ್ದು ಕಿಪ್ಲಿಂಗನ ‘ರಿಸೆಷನಲ್’ ಪದ್ಯದಿಂದ. 1897ರಲ್ಲಿ ವಿಕ್ಟೋರಿಯಾ ರಾಣಿಯ ಅರವತ್ತನೇ ವರ್ಷದ ಸಂಭ್ರಮದ ಹೊತ್ತಿನಲ್ಲಿ ‘ದಿ ಟೈಮ್ಸ್’ನಲ್ಲಿ ಬಂದ ಆ ಪದ್ಯಕ್ಕೂ ಸತ್ತ ಸೈನಿಕರ ಸ್ಮರಣೆಗೂ ಸಂಬಂಧವಿರಲಿಲ್ಲ. ಸಾಮ್ರಾಜ್ಯದ ಮದದಲ್ಲಿ ದೇವರನ್ನು ಮರೆತೇವು ಎಂಬ ಎಚ್ಚರಿಕೆ ಅದು. (ಅದೇ ಪದ್ಯ ಕೆಲವು ಜನಾಂಗಗಳನ್ನು ಕೀಳು ಎನ್ನಲು ಬಳಸುವ ವಿಶೇಷಣವೂ ಇದೇ ‘ಲೆಸ್’ ಬೇರಿನದು. ಎಚ್ಚರಿಕೆಯೂ ಅಹಂಕಾರವೂ ಒಂದೇ ಬೇರಿನಿಂದ.) ಮೊದಲ ಮಹಾಯುದ್ಧದ ನಂತರ ಆ ಮೂರು ಪದ ಪದ್ಯದಿಂದ ಕಳಚಿಕೊಂಡು ಸತ್ತವರನ್ನು ನೆನೆಯುವ ಮಾತಾಯಿತು. ಅರ್ಥ ಪೂರ್ತಿ ಬದಲಾಯಿತು, ಆದರೂ ನಡುವೆ ಶುಡ್ ತುರುಕಬೇಕೆಂದು ಯಾವ ಕಲ್ಲುಕುಟಿಗನಿಗೂ ಅನ್ನಿಸಲಿಲ್ಲ. ಇಂಗ್ಲಿಷ್ ಬಳಕೆಯ ವಿಷಯದಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಫೌಲರ್ 1926ರ ತನ್ನ ನಿಘಂಟಿನಲ್ಲಿ ಶುಡ್ ವಾಡಿಕೆಯದು ಎಂದ. ಬರೀ ಕ್ರಿಯಾಪದವನ್ನು ಗಂಭೀರ ಶೈಲಿಯದೆಂದು ಒಪ್ಪಿದ, ತಪ್ಪು ಅನ್ನಲಿಲ್ಲ.

ನಾನು ಶುಡ್ ವಿರೋಧಿಯಲ್ಲ. ಅದಕ್ಕೂ ನೂರಾರು ವರ್ಷಗಳ ಬಳಕೆ ಇದೆ, ಧಾರಾಳವಾಗಿ ಕಲಿಸೋಣ. ನನ್ನ ಜಗಳ ‘ಶುಡ್ ಮಾತ್ರ’ ಎಂಬುದರ ಜೊತೆ. ಅದಕ್ಕಿಂತ ದೊಡ್ಡ ಜಗಳ, ಈ ಮೂಗುದಾರದಿಂದಾಗಿ ನಾವು ಕಲಿಸದೆ ಬಿಟ್ಟ ಸಂಗತಿಯ ಬಗ್ಗೆ.

ಲೆಸ್ಟ್ ಒಳಗೆ ಒಂದು ಭಯ ಇದೆ. ಅದನ್ನು ‘ಬೀಳದಂತೆ’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತೇವೆ. ಆದರೆ ಇದೇ ಪದ ಹೆದರು ಎಂಬ ಕ್ರಿಯಾಪದದ ಜೊತೆ ಬಂದರೆ? ಅವನು ಬಂದುಬಿಟ್ಟಾನು ಎಂದು ಆಕೆ ಹೆದರಿದಳು ಎನ್ನುವಾಗಲೂ ಇಂಗ್ಲಿಷಿನಲ್ಲಿ ಲೆಸ್ಟ್ ಬರುತ್ತದೆ. ‘ಬರದಂತೆ ಹೆದರಿದಳು’ ಎಂದರೆ ಏನು ಅರ್ಥ? ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ, ಗೈಡು ಕೈಬಿಡುತ್ತದೆ.

ಕನ್ನಡ ಕೈಬಿಡುವುದಿಲ್ಲ. ಮರ ಹತ್ತಿದ ಮಗುವಿಗೆ ಅಜ್ಜಿ “ಜೋಕೆ, ಬಿದ್ದೀಯ!” ಎನ್ನುತ್ತಾಳೆ. ‘ಮಳೆ ಬಂದೀತು, ಕೊಡೆ ತಗೋ.’ ‘ಯಾರಾದರೂ ಕೇಳಿಸಿಕೊಂಡಾರು, ಮೆಲ್ಲಗೆ ಮಾತಾಡು.’ ಹೈಸ್ಕೂಲಿನ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಉರು ಹೊಡೆದು ಮರೆತ ರೂಪ ಇದು. ಬಿದ್ದೇನು, ಬಿದ್ದೀಯ, ಬಿದ್ದಾನು, ಬಿದ್ದೀತು. ಹಳೆಯ ಇಂಗ್ಲಿಷ್ ಕ್ರಿಯಾಪದ ಪ್ರತ್ಯಯದಿಂದ ಮಾಡುತ್ತಿದ್ದ ಕೆಲಸವನ್ನು, ಇಂಗ್ಲಿಷ್ ಬಹುಪಾಲು ಕಳೆದುಕೊಂಡ ಕೆಲಸವನ್ನು, ನಮ್ಮ ಅಡುಗೆಮನೆಯ ಕನ್ನಡ ಇವತ್ತಿಗೂ ಮಾಡುತ್ತಿದೆ. ಎಲ್ಲಿ ಬಂದಾನೋ ಎಂದು ಬಾಗಿಲು ಹಾಕಿದಳು, ಎಲ್ಲಿ ಬಂದಾನೋ ಎಂದು ಹೆದರಿದಳು: ಲೆಸ್ಟ್‌ನ ಎರಡೂ ಬಳಕೆಗೆ ಒಂದೇ ರೂಪ ಸಾಕು. ಇಂಗ್ಲಿಷ್ ಸ್ಮಾರಕದ ಮೂರು ಪದಕ್ಕೆ ಕನ್ನಡದಲ್ಲಿ ಒಂದು ಪದ ಸಾಕು: ಮರೆತೇವು.

ಇಷ್ಟನ್ನು ಒಂದು ತರಗತಿಯಲ್ಲಿ ಹೇಳಬಹುದು. ನಾನು ಹೇಳಿ ನೋಡಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಕ್ಲಾಸಿನಲ್ಲಿ ಕೊನೆಯ ಬೆಂಚು ಹುಡುಕುವವರೇ ಮೊದಲು ‘ಓ, ಬಿದ್ದಾನು ಅಂತಲ್ವಾ ಸರ್’ ಎಂದದ್ದು. ಅವರ ಬಾಯಲ್ಲಿ ಮೊದಲೇ ಇರುವ ವ್ಯಾಕರಣವನ್ನು ತೋರಿಸುವ ಬದಲು, ಅರ್ಥವಿಲ್ಲದ ಒಂದು ಜೋಡಿಪದ ಕೊಟ್ಟು, ಅದನ್ನು ಒಪ್ಪಿಸದಿದ್ದರೆ ಅಂಕ ಕಳೆಯುವುದು ಎಂಥ ಇಂಗ್ಲಿಷ್ ಪಾಠ?

ಪರೀಕ್ಷೆಗೆ ಸರಳ ಸೂತ್ರ ಬೇಕು, ಲಕ್ಷಗಟ್ಟಲೆ ಪತ್ರಿಕೆ ತಿದ್ದುವಾಗ ಇತಿಹಾಸ ನೋಡುತ್ತ ಕೂರಲಾಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಒಪ್ಪಿದೆ, ಇತಿಹಾಸ ಬೇಡ. ಆದರೆ ಒಂದು ಅಂಕಕ್ಕೆ ಕೆಲಸ ತಪ್ಪುವ ಪರೀಕ್ಷೆಗಳಲ್ಲಿ ಸರಿಯಾದ ಉತ್ತರವನ್ನು ತಪ್ಪು ಎನ್ನುವ ಸೂತ್ರ ಸರಳವಾಗಿದ್ದೇನು ಬಂತು? ಬ್ರಿಟಿಷರೇ ಈಗ ಕೆಲವೊಮ್ಮೆ ಲೆಸ್ಟ್ ಆದ ಮೇಲೆ ಎಸ್ ಹಚ್ಚಿ ಬರೆಯುತ್ತಾರೆ. ಅದನ್ನೂ ಸೇರಿಸಿ ಎಂದು ನಾನು ಹಟ ಹಿಡಿಯುವುದಿಲ್ಲ. ಸ್ಕೀಮು ಬರೆಯುವವರಲ್ಲಿ ಕೇಳುವುದು ಇಷ್ಟೇ: ‘ಶುಡ್ ಫಾಲ್’ ಮುಂದೆ ಒಂದು ಓರೆಗೆರೆ ಎಳೆದು, ಪಕ್ಕದಲ್ಲಿ ‘ಫಾಲ್’ ಎಂದು ಬರೆಯಿರಿ.