ದಿನಚರಿಯಲ್ಲಿ ಹೂತುಹೋದ ತವರೂರು

ಬರೆಯುವ ಹವ್ಯಾಸವುಳ್ಳ ನಮ್ಮ ಸದಸ್ಯರಲ್ಲಿ ಬಹಳ ಮಂದಿಗೆ ತಾರೀಖಿನ ವ್ಯಾಮೋಹ. ಹಾಲಿನ ಲೆಕ್ಕ, ಮಾಂಬಲದಲ್ಲಿ ಸಿಕ್ಕ ಸ್ನೇಹಿತರು, ಕುಲದೇವರ ಹರಕೆ, ಎಲ್ಲವೂ ಆಯಾ ದಿನದ ಹಾಳೆಗೇ. ಇದನ್ನು ಅವರು ಶಿಸ್ತು ಎನ್ನುತ್ತಾರೆ. ನಾನು ಸೋಮಾರಿತನ ಎನ್ನುತ್ತೇನೆ!

ನಮ್ಮ ತಂದೆಯವರು ಮೂವತ್ತೊಂದು ದಿನಚರಿಗಳನ್ನು ಬಿಟ್ಟುಹೋದರು. ಮುತ್ತಜ್ಜಿಯ ತವರೂರು ಯಾವುದೆಂದು ಮಗಳು ಕೇಳಿದಳು. “ತಾತ ಎಲ್ಲೋ ಬರೆದಿದ್ದಾರಮ್ಮ” ಎಂದೆ. ಯಾವ ವರ್ಷ, ಯಾವ ತಿಂಗಳು? ಚೆನ್ನೈಯಲ್ಲೇ ಹುಟ್ಟಿ, ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಹುಡುಗಿಗೆ ಅಷ್ಟು ಹಾಳೆ ಮಗುಚುವ ತಾಳ್ಮೆ ಎಲ್ಲಿಂದ ಬರಬೇಕು?

ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನು ನೋಡಿ. ಮೈಸೂರಿನ ದಿವಾನರಿಗೊಂದು ಸಂಪುಟ, ಕಲೋಪಾಸಕರಿಗೊಂದು. ಬೇಕಾದವರನ್ನು ನೇರವಾಗಿ ಹೋಗಿ ಮಾತನಾಡಿಸಬಹುದು.

ತಾರೀಖೇ ಬೇಡವೆಂದಲ್ಲ. 2015ರ ಡಿಸೆಂಬರಿನಲ್ಲಿ ಅಡಯಾರು ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ತಾರೀಖು ಹಾಕಿಯೇ ಬರೆಯಬೇಕು. ಆದರೆ ವಂಶವೃಕ್ಷ, ಕುಲದೇವರು, ಅಜ್ಜಿಯ ಸಾರಿನಪುಡಿಯ ಅಳತೆ, ಇವು ಯಾವ ತಾರೀಖಿಗೆ ಸೇರಿದವು ಸ್ವಾಮಿ? ಅವಕ್ಕೆ ಬೇರೆಯೇ ಒಂದು ನೋಟುಪುಸ್ತಕವಿರಲಿ. ಒಂದೊಂದಕ್ಕೆ ಒಂದೊಂದು ಪುಟ, ಮೊದಲಲ್ಲಿ ಪರಿವಿಡಿ. ಹೊಸದು ತಿಳಿದರೆ ಅದೇ ಪುಟದಲ್ಲಿ ತಿದ್ದಿ.

ಹಳೆಯ ದಿನಚರಿಗಳಿರುವವರು ಈ ಭಾನುವಾರವೇ ಎತ್ತಿ ಬರೆಯಲು ಕೂರಲಿ. ನಾವು 1974ರವರೆಗೆ ಬಂದಿದ್ದೇವೆ. ತವರೂರು ಇನ್ನೂ ಸಿಕ್ಕಿಲ್ಲ.